ಗುರುವಾರದ ಪುಟ

ನನ್ನ ಬಾಯಿ ಮೊದಲಿನಿಂದಲೂ ಜೋರು. ಚಾಮರಾಜನಗರದ ನಮ್ಮ ಮನೆಯಲ್ಲಿ ನಾನು ಮಾತಾಡಿದರೆ ಬೀದಿ ಕೊನೆಯವರಿಗೂ ಕೇಳುತ್ತೆ ಅಂತ ನಮ್ಮ ಯಜಮಾನರು ರೇಗಿಸುತ್ತಿದ್ದರು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮೂರೂವರೆ ವರ್ಷವಾದರೂ ಬಾಯಿ ಬಿಡಲಿಲ್ಲ. ಬೇಕು ಅಂದರೆ ಬೆರಳು ತೋರಿಸೋಳು, ಬೇಡ ಅಂದರೆ ತಲೆ ಆಡಿಸೋಳು. ಡಾಕ್ಟರು, ಕಿವಿ ಚೆನ್ನಾಗಿದೆ, ಮಕ್ಕಳ ಜೊತೆ ಬಿಡಿ ಅಂದರು. ನಮ್ಮತ್ತೆ ಮಾತ್ರ, "ಅವ್ವನೇ ಎಲ್ಲಾನೂ ಮಾತಾಡ್ಬುಟ್ರೆ ಮಗೀಗೆ ಏನು ಉಳಿದದು?" ಅಂದರು. ಆ ಮಾತು ಮೆಣಸಿನಕಾಯಿ ಹಾಗೆ ಹತ್ತಿತು. ನಿಜ ಆಗಿದ್ದಕ್ಕೇ ಹತ್ತಿತು ಅಂತ ಈಗ ಗೊತ್ತು.

ಹಾಗೆ ಸೇರಿಸಿದ್ದು ಒಂದು ಆಟದ ಶಾಲೆಗೆ. ಹದಿನಾಲ್ಕು ಮನೆಯವರು ಸೇರಿಕೊಂಡು ನಡೆಸುತ್ತಿದ್ದದ್ದು. ಹಳೇ ಹೆಂಚಿನ ಮನೆ, ಹಿತ್ತಲಲ್ಲಿ ಹೊಂಗೆ ಮರ, ಮಣ್ಣಿನ ಗುಂಡಿ, ಒಂದು ನೀರಿನ ತೊಟ್ಟಿ. ಓನರ್ ಅಂತ ಯಾರೂ ಇಲ್ಲ. ಅಪ್ಪ ಅಮ್ಮಂದಿರು ಸರದಿ ಮೇಲೆ ಒಂದೊಂದು ದಿನ ಬಂದು ಟೀಚರ್ ಜೊತೆ ದುಡಿಯಬೇಕು. ಏನೇ ತೀರ್ಮಾನ ಆಗಬೇಕಾದರೂ ತಿಂಗಳ ಮೀಟಿಂಗಿನಲ್ಲಿ ಕೈ ಎತ್ತಬೇಕು. ಬಾಯಿ ಜೋರು ಅಂತ ನನ್ನನ್ನೇ ಸೆಕ್ರೆಟರಿ ಮಾಡಿದರು.

ಟೀಚರ್ ಉಮ್ಮತ್ತೂರಿನಿಂದ ಮೊದಲ ಬಸ್ಸಿಗೆ ಬರೋಳು. ಕೂಲಿ ಮಾಡೋರ ಮನೆಯ ಹುಡುಗಿ, ತಾನೇ ಓದಿಕೊಂಡು ಟ್ರೇನಿಂಗ್ ಮುಗಿಸಿದ್ದಳು. ಮೆಲ್ಲಗೆ ಮಾತಾಡೋಳು, ಆದರೆ ತನ್ನ ನಿಯಮ ಬಿಡೋಳಲ್ಲ. ಸರದಿಯ ದಿನ ನಮ್ಮ ಮಗುವಿನ ಹತ್ತಿರ ನಾವು ಹೋಗಬಾರದು. ಯಾವ ಮಗುವಿಗೂ ಅದು ಕೇಳೋ ತನಕ ಸಹಾಯ ಮಾಡಬಾರದು. "ಕಾಯ್ರಿ ಮೇಡಂ, ಸುಮ್ನೆ ಕೂತ್ಕಂಡು ಕಾಯ್ರಿ" ಅನ್ನೋಳು. ಹಾಲು ಉಕ್ಕೋವರೆಗೂ ಕಾಯದ ಹೆಂಗಸು ನಾನು. ಎರಡು ಸಲ ಓಡಿಹೋಗಿ ಮಗಳ ಕೈಯಿಂದ ಲೋಟ ಕಿತ್ತುಕೊಂಡು ನಾನೇ ನೀರು ತುಂಬಿಸಿದ್ದೆ.

ಮಕ್ಕಳು ಮನೆಗೆ ಹೋದ ಮೇಲೆ ಆಕೆ ಒಂದು ನೋಟ್‌ಬುಕ್ಕಿನಲ್ಲಿ ಆವತ್ತು ಯಾವ ಮಗು ಏನು ಆಡಿತು ಅಂತ ಬರೆದಿಡೋಳು. ಯಾರು ಬೇಕಾದರೂ ತೆಗೆದು ಓದಬಹುದಿತ್ತು.

ಅಷ್ಟರಲ್ಲಿ ಕಾನ್ವೆಂಟುಗಳ ಇಂಟರ್‌ವ್ಯೂ ಹತ್ತಿರ ಬಂತು. ಎಲ್ಲರಿಗೂ ಪುಕಪುಕ ಶುರುವಾಯಿತು. ಪಕ್ಕದ ಬೀದಿಯ ಮಗು ನೂರರವರೆಗೂ ಎಣಿಸುತ್ತೆ, ನಮ್ಮವು ಮಣ್ಣಲ್ಲಿ ಇಡ್ಲಿ ಮಾಡ್ತಾವೆ! ಕೇಳಿದರೆ ಟೀಚರ್, "ಕೈ ಮೊದ್ಲು ಆಡ್ಲಿ. ಅಕ್ಷರ ಎಲ್ಲೂ ಓಡೋಗಲ್ಲ" ಅಂದಳು. ಆಕೆಯನ್ನು ಇಟ್ಟುಕೊಳ್ಳಬೇಕೋ, ಅಕ್ಷರ ತಿದ್ದಿಸೋ ಬೇರೆಯವರನ್ನು ತರಬೇಕೋ ಅಂತ ಶನಿವಾರ ಮೀಟಿಂಗ್ ಕರೆದೆವು. ಆಕೆಯೂ ಚಾಪೆಯ ತುದಿಯಲ್ಲಿ ಕೂತಿದ್ದಳು.

ನಾನು ನೋಟ್‌ಬುಕ್ ತೆಗೆದು, ನನ್ನ ಮಗಳ ಬಗ್ಗೆ ಬರೆದದ್ದನ್ನೇ ಜೋರಾಗಿ ಓದಿದೆ. "ಸೋಮವಾರ. ಲೋಟದಿಂದ ಬಾಟಲಿಗೆ ನೀರು ಸುರಿದಳು. ಪಕ್ಕದಲ್ಲಿ ಕೂತಿದ್ದೆ. ಮಾತಿಲ್ಲ. ಮಂಗಳವಾರ. ಅದೇ ಆಟ. ಪಕ್ಕದಲ್ಲಿ ಕೂತಿದ್ದೆ. ಬುಧವಾರ. ನೀರು ಚೆಲ್ಲಿತು. ಅವಳೇ ಒರೆಸಿದಳು. ಪಕ್ಕದಲ್ಲಿ ಕೂತಿದ್ದೆ."

ಓದುವಾಗ ಆ 'ಕೂತಿದ್ದೆ'ಯನ್ನು ಬೇಕಂತಲೇ ಎಳೆದೆ. ಜನ ನಗೋಕೆ ಶುರು ಮಾಡಿದರು. ಒಂದು ಮಗುವಿನ ಅಪ್ಪ, "ಇದ್ಕೆ ಟೀಚರ್ ಯಾಕ್ಲಾ ಬೇಕು, ನಮ್ಮನೆ ನಲ್ಲಿ ಸಾಕು ಕಣ" ಅಂತ ಪಕ್ಕದವರ ತೊಡೆ ತಟ್ಟಿದ.

ಮುಂದಿನ ಪುಟದಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಹಿಂದಿನ ಸಂಜೆಯೇ ಓದಿದ್ದೆ. "ಗುರುವಾರ. ಲೋಟ ತುಂಬಿಸಿ ನನ್ನ ಕೈಗೆ ಕೊಟ್ಟಳು. 'ಟೀ ಕುಡಿ ಮಿಸ್ಸು, ಬಿಸಿ ಅದೆ' ಅಂದಳು. ಕುಡಿದೆ. ಇನ್ನೊಂದು ಲೋಟ ಕೊಟ್ಟಳು."

ಅದನ್ನು ಓದಿ ಕುಣಿದಾಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ಹೆತ್ತವಳಿಗೆ ಒಂದು ಮಾತಿಲ್ಲ, ಇವಳಿಗೆ ಬಿಸಿ ಟೀ ಬೇರೆ! ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ಪುಟ ತಿರುವಲಿಲ್ಲ. ನೋಟ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. ಟೀಚರ್ ನನ್ನನ್ನೇ ನೋಡುತ್ತಿದ್ದಳು. 'ಮುಂದಿನದೂ ಓದಿ' ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು, ಅನ್ನಲಿಲ್ಲ. ಬೇರೆಯವರನ್ನು ತರೋಣ ಅನ್ನೋರು ಕೈ ಎತ್ತಿ ಅಂದಾಗ ಹನ್ನೊಂದು ಕೈ ಎದ್ದವು, ನನ್ನದೂ ಸೇರಿ.

ಹೊಸ ಟೀಚರ್ ಬಂದರು, ಚಾರ್ಟು ಬಂತು, ಮಣ್ಣಿನ ಗುಂಡಿಗೆ ಸಿಮೆಂಟ್ ಬಿತ್ತು. ನನ್ನ ಮಗಳು ದಿನಾ ಬೆಳಗ್ಗೆ ಲೋಟ ಹಿಡಿದು ಶಾಲೆಯ ಗೇಟಿನ ಹತ್ತಿರ ನಿಲ್ಲೋಳು. ನಾನು ಎತ್ತಿಕೊಂಡು ಒಳಗೆ ಬಿಟ್ಟು ಬರುತ್ತಿದ್ದೆ. ಆ ಗುರುವಾರದ ಮೇಲೆ ಮತ್ತೊಂದು ವರ್ಷ ಅವಳ ಬಾಯಿಂದ ಮಾತು ಬರಲಿಲ್ಲ. ಮೊದಲ ಮಾತನ್ನು ನಾನು ಕೇಳಲಿಲ್ಲ, ಎರಡನೆಯದು ಬರದ ಹಾಗೆ ಮಾಡಿದವಳೂ ನಾನೇ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಾನು ಮಾಡಿದ್ದನ್ನು ಆ ಮಗು ಉಂಡಿತು.

ಈಗ ಅವಳಿಗೆ ಒಂಬತ್ತು. ಮಾತಲ್ಲಿ ನನ್ನನ್ನೂ ಮೀರಿಸುತ್ತಾಳೆ. ಮೊನ್ನೆ ತವರಿಗೆ ಅಂತ ಗುಂಡ್ಲುಪೇಟೆಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಆ ಟೀಚರ್, ಕೈಯಲ್ಲಿ ಬಣ್ಣದ ಬಕೆಟ್ಟುಗಳ ಗಂಟು. ಗುಂಡ್ಲುಪೇಟೆ ಪಕ್ಕದ ಮದ್ದೂರು ಕಡೆ ಕಾಡಂಚಿನ ಮಕ್ಕಳಿಗೆ ಆಟ ಆಡಿಸೋ ಕೆಲಸ ಅಂತೆ. ಆಕೆಯ ಬಸ್ಸಿಗೆ ಇನ್ನೂ ಐದು ನಿಮಿಷ ಇತ್ತು. ಮಗಳು ಕಬ್ಬಿನಹಾಲಿನ ಅಂಗಡಿಯವನ ಹತ್ತಿರ ಐಸ್ ಬೇಡ ಅಂತ ವಾದ ಮಾಡುತ್ತಿದ್ದಳು. ಆಕೆ ದೂರದಿಂದಲೇ ಅದನ್ನು ಕೇಳುತ್ತಾ ನಿಂತಳು. ಮುಖ ಅರಳಿತ್ತು.

"ಆವತ್ತು ಮೀಟಿಂಗಲ್ಲಿ ನಾನು..." ಅಂದೆ.

"ಗುರುವಾರದ್ದು ನೀವೇ ಓದ್ತೀರ ಅಂತ ಕಾಯ್ದೆ ಮೇಡಂ" ಅಂದಳು. "ಅವ್ಳ ಅವ್ವ ನೀವು. ಆ ಸಂತೋಷ ನೀವೇ ಯೋಳ್ಬೇಕಿತ್ತು, ನಾನಲ್ಲ."

ಕಂಡಕ್ಟರ್ ಸೀಟಿ ಊದಿದ. ಆಕೆ ಗಂಟು ಎತ್ತಿಕೊಂಡು ಹತ್ತಿದಳು. ಮಗಳು ಲೋಟ ಹಿಡಿದು ಓಡಿ ಬಂದು, "ಯಾರಮ್ಮ ಅವ್ರು? ನನ್ನನ್ನೇ ನೋಡ್ತಿದ್ರು?" ಅಂತ ಕೇಳಿದಳು. ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಪಕ್ಕದಲ್ಲೇ ಆಕೆ ಕೂತಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ.

"ಯಾರೋ ಹಳೇ ಪರಿಚಯ ಕಣಮ್ಮಿ" ಅಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ, ಅಷ್ಟೇ ಅಂದೆ.