ಬಾಲದ ತುದಿ ನೋಡಿ

ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ ಸಿಪ್ರಿಯನ್ ಎದುರು ಯಾರೂ ಬಾಯಿತಪ್ಪಿಯೂ ‘ವೀಸಲ್’ ಅನ್ನುವಂತಿರಲಿಲ್ಲ. ಮುಂಗುಸಿಯ ಹಾಗೆ ಉದ್ದ ಮೈಯ ಆ ಪುಟ್ಟ ಪ್ರಾಣಿ ಕಲ್ಲುಗೋಡೆಯ ಮೇಲೆ ಓಡಿದರೆ ಊರಿಗೆ ಊರೇ ಅದನ್ನು ವೀಸಲ್ ಎನ್ನುತ್ತಿತ್ತು. ಉಡುಪಿ ಕಡೆಯ ಈ ಮನುಷ್ಯ ಮಾತ್ರ ಒಪ್ಪುತ್ತಿರಲಿಲ್ಲ. ಐರ್ಲೆಂಡಿನಲ್ಲಿ ವೀಸಲ್ ಇಲ್ಲವೇ ಇಲ್ಲ, ಇದು ಸ್ಟೋಟ್. ಹಿಮದ ದೇಶಗಳಲ್ಲಿ ಚಳಿಗಾಲಕ್ಕೆ ಬೆಳ್ಳಗಾಗಿ ಎರ್ಮಿನ್ ಅನ್ನಿಸಿಕೊಳ್ಳುವುದೂ ಇದೇ, ಇಲ್ಲಿ ಸಾಮಾನ್ಯವಾಗಿ ಕಂದಾಗಿಯೇ ಇರುತ್ತದೆ. ಬಾಲದ ತುದಿ ಕಪ್ಪು, ಹೊಟ್ಟೆ ಬಿಳಿ ಎಂದರೆ ಸ್ಟೋಟ್. ಹೊಟ್ಟೆಯೂ ಕಡುಕಂದಾಗಿದ್ದರೆ ಮಿಂಕ್. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ರಕ್ತದ ಕಣಗಳನ್ನು ಗುರುತಿಸಿದ ಕಣ್ಣು ಅದು, ಮನೆಗೆ ಬಂದರೂ ಸುಮ್ಮನಿರುತ್ತಿರಲಿಲ್ಲ.

ಪಕ್ಕದ ಮನೆಯ ಡೆಕ್ಲನ್ ಬೇಕೆಂದೇ ಕೆಣಕುತ್ತಿದ್ದ. ಗೋಡೆಯಾಚೆಯಿಂದ ‘ವೀಸಲ್ ಬಂದಿತ್ತು’ ಎಂದರೆ ಸಾಕು, ಚಹಾ ಆರಿ ತಣ್ಣಗಾಗುವ ತನಕ ಪಾಠ. ಸಿಪ್ರಿಯನ್‌ನ ಹೆಂಡತಿ ಫ್ಲೇವಿಯಾಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

2021ರ ಜನವರಿಯಲ್ಲಿ ಸಿಪ್ರಿಯನ್‌ಗೆ ಕೋವಿಡ್ ಬಂತು. ಐದು ವಾರ ವೆಂಟಿಲೇಟರ್. ಜೀವ ಉಳಿಯಿತು, ಮನೆಗೆ ಬಂದವನು ಮಾತ್ರ ಬೇರೆ ಯಾರೋ. ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾಗಿದೆ, ಹೋದದ್ದು ಹೆಚ್ಚೇನೂ ಮರಳದು ಎಂದರು ಡಾಕ್ಟರ್. ಫ್ಲೇವಿಯಾ ನಂಬಲಿಲ್ಲ. ದಿನಾ ಬೆಳಿಗ್ಗೆ ಅವನು ಹಿಂದೆ ತೆಗೆದಿದ್ದ ಸ್ಟೋಟ್ ಫೋಟೋಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡುತ್ತಿದ್ದಳು.

“ಇದು ನೀವೇ ತೆಗ್ದಿದ್ದು. ಬಾಲದ ತುದಿ ನೋಡಿ, ಏನಿದು?”

ಅವನು ಫೋಟೋ ಬಿಟ್ಟು ಅವಳ ಮುಖ ನೋಡುತ್ತಿದ್ದ, ಅವಳಿಗೆ ಯಾವ ಉತ್ತರ ಬೇಕೋ ಅದು ಅಲ್ಲಿ ಸಿಗಬಹುದೇನೋ ಎಂದು. ಆದರೂ ಅವಳು ಬಿಡಲಿಲ್ಲ. ಆ ಹಟಮಾರಿ ಒಳಗೆಲ್ಲೋ ಇದ್ದಾನೆ, ಒಮ್ಮೆ ‘ತಪ್ಪು’ ಅಂದುಬಿಟ್ಟರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದುಕೊಂಡಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿ ಕೂತಿದ್ದಾಗ ಸ್ಟೋಟ್ ಬಂದು ಗೋಡೆಯ ಮೇಲೆ ನಿಂತಿತು. ನಾಲ್ಕು ಮಾರು ದೂರವಿಲ್ಲ, ಬಾಲದ ಕಪ್ಪು ಎದ್ದು ಕಾಣುತ್ತಿತ್ತು. ಆಚೆ ಗಿಡ ಕತ್ತರಿಸುತ್ತಿದ್ದ ಡೆಕ್ಲನ್‌ಗೆ ಫ್ಲೇವಿಯಾ ಕಣ್ಸನ್ನೆ ಮಾಡಿದಳು. ಅವನಿಗೆ ಅರ್ಥವಾಯಿತು.

“ಸಿಪ್ರಿಯನ್, ಅಲ್ಲೊಂದು ವೀಸಲ್ ನೋಡು,” ಎಂದ.

ಸಿಪ್ರಿಯನ್ ನೋಡಿದ. ಹುಬ್ಬು ಗಂಟಿಕ್ಕಿ ತುಂಬ ಹೊತ್ತು ನೋಡಿದ.

“ಹೌದೌದು,” ಎಂದ ಅವನು, ಅಪರಿಚಿತರ ಜೊತೆ ಆಡುವ ವಿನಯದಲ್ಲಿ. “ವೀಸಲ್. ಗ್ರ್ಯಾಂಡ್, ಚೆನ್ನಾಗಿದೆ.”

ಡೆಕ್ಲನ್ ಕತ್ತರಿ ಕೆಳಗಿಟ್ಟ.

“ಅದು ಸ್ಟೋಟ್, ಸಿಪ್ರಿಯನ್.”

ಸಿಪ್ರಿಯನ್ ಅದಕ್ಕೂ ಹೌದೆಂದು ತಲೆಯಾಡಿಸಿದ.