ಭೀಮಶಿಯ ಗುಂಡಿ ಪರೀಕ್ಷೆ

ಭೀಮಶಿ ಕಂಬಾರನ ಶೆಡ್ಡಿನ ಬಾಗಿಲ ಪಕ್ಕದಲ್ಲಿ ಸಾಲಾಗಿ ಕಬ್ಬಿಣದ ಗೂಟಗಳಿದ್ದವು. ಹೆಗಲ ಮೇಲೆ ಶಲ್ಯ ಹಾಕಿಕೊಂಡು ಬಂದವರು ಅದನ್ನು ಗೂಟಕ್ಕೆ ಹಾಕಿಯೇ ಒಳಗೆ ಕಾಲಿಡಬೇಕು. ಚಪ್ಪಲಿ ಹಾಕಿಕೊಂಡು ಗುಡಿಯೊಳಗೆ ಹೋದವನನ್ನು ದೇವರು ಕ್ಷಮಿಸಿದರೂ ಕ್ಷಮಿಸಿಯಾನು, ಶಲ್ಯ ಹಾಕಿಕೊಂಡು ಶೆಡ್ಡಿನೊಳಗೆ ಬಂದವನನ್ನು ಭೀಮಶಿ ಬಿಡುತ್ತಿರಲಿಲ್ಲ. ಹೆಂಗಸರು ಬಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಊರ ಗೌಡರಾದರೂ ಅಷ್ಟೇ, ಬೀಗರಾದರೂ ಅಷ್ಟೇ.

“ಇದು ತಿರಗೂ ಮಷೀನ್ರಿ. ಅರಿವಿ ಕಂಡ್ರ ಎಳಕೊಳ್ತೈತಿ. ಅರಿವಿ ಹಿಂದ ನೀವೂ ಬರ್ತೀರಿ,” ಎನ್ನುತ್ತಿದ್ದ.

ಒಮ್ಮೆ ಚುನಾವಣೆಯ ಹೊತ್ತಿನಲ್ಲಿ ಒಂದು ಪಕ್ಷದವರು ಮತ ಕೇಳಲು ಬಂದರು. ಅವರ ಶಲ್ಯಗಳೆಲ್ಲ ಗೂಟಕ್ಕೆ ಹೋದವು. ಅವರು ಒಳಗೆ ಕೈಮುಗಿಯುತ್ತಿರುವಾಗಲೇ ಇನ್ನೊಂದು ಪಕ್ಷದವರೂ ಬಂದರು. ಅವರ ಶಲ್ಯಗಳೂ ಅದೇ ಗೂಟಗಳಿಗೇ ಬಿದ್ದವು. ಹೋಗುವಾಗ ಗಡಿಬಿಡಿಯಲ್ಲಿ ಹಿರಿಯರೊಬ್ಬರು ಎದುರು ಪಕ್ಷದ ಶಲ್ಯ ಹಾಕಿಕೊಂಡು ಊರೆಲ್ಲ ತಿರುಗಿ, ಸಂಜೆ ಮನೆಯಲ್ಲಿ ಬೈಸಿಕೊಂಡರಂತೆ. ಭೀಮಶಿ ಇದನ್ನು ಹೇಳಿಕೊಂಡು ಬಹಳ ದಿನ ನಕ್ಕ.

ಉಗಾರ ಖುರ್ದದಲ್ಲಿ ಅವನ ಶೆಡ್ಡೂ ನನ್ನ ಹಾರ್ಡ್‌ವೇರ್ ಅಂಗಡಿಯೂ ಒಂದೇ ಗೋಡೆಯ ಆಚೆ ಈಚೆ. ಅವನು ಗೇಟು, ಗ್ರಿಲ್ಲು, ಕಬ್ಬಿನ ಟ್ರೇಲರಿನ ರಿಪೇರಿ ಮಾಡುವವನು, ನಾನು ಅವನಿಗೆ ಬೇಕಾದ ರಾಡು, ನಟ್ಟು, ಬೋಲ್ಟು ಮಾರುವವನು. ಕಬ್ಬಿಣ ಕೊಯ್ಯುವ, ಉಜ್ಜುವ ಅವನ ಗ್ರೈಂಡರ್ ಚಾಲೂ ಆಯಿತೆಂದರೆ ನನ್ನ ತಕ್ಕಡಿಯ ಬಟ್ಟಲು ನಡುಗುತ್ತಿತ್ತು. ಅಷ್ಟು ವರ್ಷ ಪಕ್ಕದಲ್ಲಿದ್ದು ನಾನು ಆ ಕೆಲಸ ಕಲಿಯಲಿಲ್ಲ, ಕಲಿಯುವ ಆಸೆಯೂ ಆಗಲಿಲ್ಲ. ನೋಡುತ್ತ ಕುಳಿತೆ, ಅಷ್ಟೇ. ನೋಡುವುದಕ್ಕೆ ಅವನು ಒಳ್ಳೆಯ ಮನುಷ್ಯ. ದಪ್ಪ ಮೀಸೆ, ಮೈತುಂಬ ಖಾಕಿ ಹತ್ತಿ ಬಟ್ಟೆ, ಬಾಯಿ ತುಂಬ ಮಾತು. ನಾವು ಜೈನರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ನಾನು ಅವಸರದಿಂದ ಶಟರ್ ಎಳೆಯುವುದನ್ನು ನೋಡಿ, “ಕಾರ್ಖಾನಿಗೆ ಒಂದ ಭೋಂಗಾ, ಶೇಠರ ಹೊಟ್ಟಿಗೆ ಒಂದ ಭೋಂಗಾ,” ಎಂದು ರಸ್ತೆಗೆ ಕೇಳುವಂತೆ ಕೂಗುತ್ತಿದ್ದ. ಭೋಂಗಾ ಎಂದರೆ ಸಕ್ಕರೆ ಕಾರ್ಖಾನೆಯ ಸೈರನ್ನು.

ಮಷೀನು ಕೈಗೆತ್ತಿಕೊಂಡರೆ ಮಾತ್ರ ಮಾತು ನಿಲ್ಲುತ್ತಿತ್ತು. ಗ್ರೈಂಡರಿಗೆ ಹೊಸ ವೀಲು ಹಾಕಿದ ಮೇಲೆ ಪಕ್ಕಕ್ಕೆ ನಿಂತು ಸ್ವಲ್ಪ ಹೊತ್ತು ಬರಿದೇ ತಿರುಗಿಸುತ್ತಿದ್ದ. ಒಡೆಯುವುದಿದ್ದರೆ ಆಗಲೇ ಒಡೆಯಲಿ ಎಂದು. ಕೊಯ್ಯುವ ತೆಳುವಾದ ವೀಲನ್ನು ಉಜ್ಜುವುದಕ್ಕೆ ಬಳಸಿದವನಿಗೆ ಬೈಗುಳ ತಪ್ಪುತ್ತಿರಲಿಲ್ಲ. ಮಷೀನಿನ ಮೇಲೆ ಭಾರ ಹಾಕಿ ಒತ್ತಿದವನಿಗೆ, “ಎಮ್ಮಿ ಹಿಂಡಾಕತ್ತಿಯೇನಲೇ? ಸುಮ್ನ ಹಿಡಿ, ಕೊಯ್ಯೂದು ಅದರ ಕೆಲಸ,” ಎನ್ನುತ್ತಿದ್ದ. ಸ್ವಿಚ್ಚು ಬಂದ್ ಮಾಡಿದ ಮೇಲೂ ವೀಲು ಪೂರ್ತಿ ನಿಲ್ಲುವ ತನಕ ಕೆಳಗಿಡುವಂತಿಲ್ಲ. ಎಲ್ಲಕ್ಕಿಂತ ಮೊದಲು ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ: “ಕಿಡಿ ಎಲ್ಲಿಗೆ ಹೊಕ್ಕಾವ?” ಉತ್ತರ ಹೇಳದ ಹೊರತು ಯಾರೂ ಸ್ವಿಚ್ಚು ಒತ್ತುವಂತಿರಲಿಲ್ಲ. ಕಬ್ಬಿನ ಟ್ರೇಲರುಗಳಲ್ಲಿ ರವದಿ, ಅಂದರೆ ಕಬ್ಬಿನ ಒಣಗಿದ ಸೋಗೆ, ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಒಂದು ಕಿಡಿ ಸಾಕು. ಹಾಗಾಗಿ ಟ್ರೇಲರು ಬಂದರೆ ಮೊದಲು ಕಸಬರಿಗೆ, ಆಮೇಲೆ ಒಂದು ಬಕೀಟು ನೀರು, ಕೊನೆಗೆ ಮಷೀನು.

ಯಡೂರಿನ ಕಡೆಯ ರೈತನೊಬ್ಬ ಒಮ್ಮೆ ಮಿರಜದಿಂದ ಕಟ್ಟಿಗೆ ಕೊಯ್ಯುವ ಹಲ್ಲಿನ ಚಕ್ರ ತಂದಿದ್ದ. ಬಿತ್ತನೆಗೆ ಕಬ್ಬು ತುಂಡು ಮಾಡಲು ಅದನ್ನು ತನ್ನ ಗ್ರೈಂಡರಿಗೆ ಹಾಕಿಸಿಕೊಳ್ಳಬೇಕೆಂದು ಅವನ ಲೆಕ್ಕ. ಚಕ್ರ ದೊಡ್ಡದು, ವೀಲನ್ನು ಅರ್ಧ ಮುಚ್ಚುವ ಗಾರ್ಡನ್ನು ಬಿಚ್ಚಿ ಒಗೆಯದಿದ್ದರೆ ಅದು ಕೂಡುವುದಿಲ್ಲ.

“ನಾಕ ಆಳಿನ ಕೆಲಸ ಒಬ್ಬವ್ನ ಮಾಡಬೌದು ಕಾಕಾ,” ಎಂದ ರೈತ.

“ಕಬ್ಬಿನ ತುಂಡಿಗೆ ಮೂರ ಕಣ್ಣ ಇರ್ತಾವ. ಒಂದ ಹ್ವಾದ್ರ ಇನ್ನೊಂದ ಚಿಗರತೈತಿ. ನಿನಗ ಎರಡ ಅದಾವ. ಹ್ವಾದ್ರ ಚಿಗರೂದಿಲ್ಲ,” ಎಂದು ಭೀಮಶಿ ಚಕ್ರವನ್ನು ಅವನ ಚೀಲಕ್ಕೇ ವಾಪಸ್ ಹಾಕಿದ.

ರೈತ ಮುಖ ಗಂಟಿಕ್ಕಿಕೊಂಡು ಹೋದ. ಮನೆಯಲ್ಲಿ ತಾನೇ ಗಾರ್ಡ್ ಬಿಚ್ಚಿ ಚಕ್ರ ಹಾಕಿದ. ಹಲ್ಲು ಕಬ್ಬಿಗೆ ಕಚ್ಚಿದ್ದೇ ತಡ, ಮಷೀನು ಕೈಯಿಂದ ಹಾರಿ ಎತ್ತಿಗೆ ಮೇವು ಹಾಕುವ ಗೋದಲಿಯೊಳಗೆ ಬಿದ್ದು ಕುಣಿಯಿತು. ಎತ್ತು ಹಗ್ಗ ಹರಿದುಕೊಂಡು ಓಡಿತು. ಯಾರಿಗೂ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ರೈತ ತಾನಾಗಿಯೇ ಬಂದು ಆ ಚಕ್ರವನ್ನು ಕೊಟ್ಟುಹೋದ. ಭೀಮಶಿ ಅದನ್ನು ಗೋಡೆಗೆ ತೂಗುಹಾಕಿದ. ಯಾರದು ಎಂದು ಕೇಳಿದವರಿಗೆ, “ಎತ್ತಿಂದು,” ಎನ್ನುತ್ತಿದ್ದ.

ಅವನ ಶೆಡ್ಡಿನ ದೊಡ್ಡ ಕಟ್ಟಳೆ ಗುಂಡಿಯದು. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಕೆಲಸದವರು ಅವನೆದುರು ನಿಂತು ಅಂಗಿಯ ಎರಡೂ ತೋಳಿನ ಗುಂಡಿ ಬಿಚ್ಚಿ, ಮತ್ತೆ ಹಾಕಿಕೊಂಡು ತೋರಿಸಬೇಕು. ತಡವರಿಸದೆ ಹಾಕಿಕೊಂಡವನಿಗೆ ಮಷೀನು. ತಡವರಿಸಿದವನಿಗೆ ಅವತ್ತು ಬಣ್ಣದ ಡಬ್ಬಿ ಮತ್ತು ಬ್ರಶ್ಶು.

“ಕುಡದಾನೋ ಇಲ್ಲೋ ಅಂತ ಬಾಯಿ ಮೂಸಿ ನೋಡೂದ ಬ್ಯಾಡ್ರಿ ಶೇಠ್ರ. ಗುಂಡಿ ನೋಡ್ರಿ. ಜ್ವರ, ನಿದ್ದಿ, ಹೆಂಡ್ತಿ ಕೂಡ ಜಗಳ, ಎಲ್ಲಾ ಬೆರಳಿನ್ಯಾಗ ಬಂದ ಕುಂದರ್ತಾವ.”

ಹೀಗೆ ಹೆಚ್ಚಾಗಿ ಬಣ್ಣದ ಪಾಲಿಗೆ ಬೀಳುತ್ತಿದ್ದವನು ರಫೀಕ. ಎರಡು ಮಕ್ಕಳ ತಂದೆ, ಕೆಲಸದಲ್ಲಿ ಭೀಮಶಿಗೆ ಸರಿಸಮ, ಸಿಟ್ಟಿನಲ್ಲಿ ಒಂದು ಕೈ ಮೇಲು. ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ ಅವನ ಗುಂಡಿ ತೂತು ಹುಡುಕಿಕೊಂಡು ಅಲೆಯುತ್ತಿತ್ತು. “ಬಣ್ಣಾ ಹಚ್ಚು,” ಎನ್ನುತ್ತಿದ್ದ ಭೀಮಶಿ. ರಫೀಕ ಗೊಣಗುತ್ತ ಹಚ್ಚುತ್ತಿದ್ದ. ಮಾಲಕನ ಗುಂಡಿಯನ್ನು ನೋಡುವವರು ಯಾರೂ ಇರಲಿಲ್ಲ. ಆ ಕಟ್ಟಳೆ ತನಗೂ ಉಂಟು ಎಂದು ಭೀಮಶಿ ಯಾವತ್ತೂ ಹೇಳಿದವನಲ್ಲ.

ಆಮೇಲಾಮೇಲೆ ಅವನು ಒಂದು ಹೊಸ ಚಾಳಿ ಹಚ್ಚಿಕೊಂಡ. ಗೇಟು ಮುಗಿದ ಮೇಲೆ ಅದರ ಅಂಚಿಗೆ ಕೆನ್ನೆ ಹಚ್ಚಿ ಮೇಲಿಂದ ಕೆಳಗೆ ಸವರುತ್ತ ಹೋಗುವುದು. ಉಜ್ಜಿದ ಕಬ್ಬಿಣದಲ್ಲಿ ಚೂಪಾದ ಸಿಬಿರು ಉಳಿದಿದೆಯೇ ಎಂದು ಎಲ್ಲರೂ ಬೆರಳಿನಿಂದ ನೋಡುತ್ತಾರೆ, ಇವನು ಮಾತ್ರ ಕೆನ್ನೆಯಿಂದ. ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ಅವನ ಕೆನ್ನೆಯ ಮೇಲೆ ಸಣ್ಣ ಗೀರುಗಳು ಕಾಣತೊಡಗಿದವು. “ದಾಡಿ ಮಾಡೂ ಬ್ಲೇಡ್ ಬದಲ ಮಾಡು ಮಾರಾಯಾ,” ಎಂದೆ ನಾನು. ಅವನು ನಗಲಿಲ್ಲ.

ಇನ್ನೂ ಕೆಲವು ಬದಲಾವಣೆಗಳು ಕಣ್ಣಿಗೆ ಬಿದ್ದವು. ಅಂಗಡಿಗೆ ಬಂದರೆ ತಾನೇ ಡಬ್ಬಿಗೆ ಕೈಹಾಕಿ ನಟ್ಟು ಆರಿಸಿಕೊಳ್ಳುತ್ತಿದ್ದವನು, ನಮ್ಮ ಕೈಯಿಂದ ಕೊಡಿಸಿಕೊಳ್ಳತೊಡಗಿದ. ಚಳಿಗಾಲದ ಬೆಳಿಗ್ಗೆ ಚಹಾದ ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿಯುತ್ತಿದ್ದ. ಬೆರಳ ತುದಿಗಳು ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗಿರುತ್ತಿದ್ದವು. ಕೇಳಿದ್ದಕ್ಕೆ ಒಂದು ದಿನ ಹೇಳಿದ: ಮಿರಜದ ಡಾಕ್ಟರಿಗೆ ತೋರಿಸಿದ್ದಾನೆ. ಇಷ್ಟು ವರ್ಷ ನಡುಗುವ ಮಷೀನು ಹಿಡಿದು ಹಿಡಿದು ಬೆರಳುಗಳಿಗೆ ಸ್ಪರ್ಶವೇ ತಿಳಿಯದಂತಾಗಿದೆ, ಇನ್ನು ಮಷೀನು ಮುಟ್ಟಬೇಡ ಎಂದಿದ್ದಾರಂತೆ.

“ಮುಟ್ಟಬ್ಯಾಡ ಅಂದ್ರ ಏನ ಮುಟ್ಲಿ? ಡಾಕ್ಟರ್‌ಗ ನರ ಗೊತ್ತು, ನನಗ ಕಬ್ಬಣ ಗೊತ್ತು. ಯಾರ ಮುಂದೂ ಹೇಳಬ್ಯಾಡ್ರಿ ಶೇಠ್ರ.”

ನಾನು ಹೇಳಲಿಲ್ಲ. ಪಕ್ಕದ ಅಂಗಡಿಯವನ ಬೆರಳು ಅವನ ವ್ಯವಹಾರ ಎಂದುಕೊಂಡೆ.

ಕಬ್ಬಿನ ಹಂಗಾಮು ಭರದಲ್ಲಿದ್ದ ಒಂದು ಮಧ್ಯಾಹ್ನ ರಾಯಬಾಗದ ಕಡೆಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಕೂಗುತ್ತಲೇ ಬಂದ. ಟ್ರೇಲರಿನ ಮುಂದಿನ ಕೊಂಡಿ ಬಿರುಕು ಬಿಟ್ಟಿತ್ತು. ಅದನ್ನು ಕೊಯ್ದು ತೆಗೆದು ಬೇರೆ ಬೆಸೆಯಬೇಕು. ಬೇಗ ಆಗದಿದ್ದರೆ ಕಾರ್ಖಾನೆಯ ಗೇಟಿನಲ್ಲಿ ಅವನ ಪಾಳಿ ತಪ್ಪುತ್ತದೆ. ರಫೀಕನಿಗೆ ಅವತ್ತು ಜ್ವರ, ಬೆಳಿಗ್ಗೆಯೇ ಗುಂಡಿ ಪರೀಕ್ಷೆಯಲ್ಲಿ ಸೋತು ಮೂಲೆಯಲ್ಲಿ ಗ್ರಿಲ್ಲಿಗೆ ಕೆಂಪು ಬಣ್ಣ ಹಚ್ಚುತ್ತಿದ್ದ. ಬೇರೆ ಕೆಲಸದವರು ಗೇಟು ಕೂಡಿಸಲು ಊರಾಚೆ ಹೋಗಿದ್ದರು, ಉಳಿದವನು ಭೀಮಶಿ ಒಬ್ಬನೇ. ನಾನು ಬೋಲ್ಟು ಕೊಡಲು ಬಂದವನು ಅಲ್ಲೇ ನಿಂತಿದ್ದೆ.

ಭೀಮಶಿ ಎಲ್ಲವನ್ನೂ ಕ್ರಮವಾಗಿಯೇ ಮಾಡಿದ. ಡ್ರೈವರ್ ಎಷ್ಟು ಅವಸರಪಡಿಸಿದರೂ ರವದಿ ಗುಡಿಸಿದ. ನೀರು ಇಟ್ಟ. ಕನ್ನಡಕ ಹಾಕಿಕೊಂಡ. ವೀಲು ಕೂಡಿಸಿ ಅದರ ನಟ್ಟು ಹಾಕಲು ಹೋದಾಗ ನಟ್ಟು ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಹಾಕಹೋದ, ಮತ್ತೆ ಬಿತ್ತು. ಡ್ರೈವರ್ ಅದನ್ನು ಗಮನಿಸಲಿಲ್ಲ. ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಭೀಮಶಿಯ ಹೆಂಡತಿ ಗಂಗವ್ವ ಗಮನಿಸಿದಳು. ಅವಳು ಯಾವಾಗಲೂ ಬುತ್ತಿಯನ್ನು ಹೊಸ್ತಿಲಲ್ಲಿ ಇಟ್ಟು ಹೋಗುವವಳು. ಅವತ್ತು ಸೆರಗನ್ನು ಸೊಂಟಕ್ಕೆ ಬಿಗಿದು ಒಳಗೆ ಬಂದಳು.

“ಅದನ್ನ ಕೆಳಗ ಇಡ್ರಿ,” ಎಂದಳು.

“ಬುತ್ತಿ ಇಟ್ಟ ಹೋಗ ನೀ.”

“ಮುಂಜಾನೆ ನಿಮ್ಮ ಗುಂಡಿ ಯಾರ ಹಾಕ್ಯಾರ, ಇವರಿಗೆ ಹೇಳ್ರಿ.”

ರಫೀಕನ ಬ್ರಶ್ಶು ನಿಂತಿತು.

“ನಾ ಹಾಕೇನಿ,” ಎಂದಳು ಗಂಗವ್ವ, ದನಿ ಏರಿಸದೆ. “ನಿನ್ನೇನೂ ನಾನ ಹಾಕೇನಿ. ದೀಪಾವಳಿ ಆದಾಗಿಂದ ದಿನಾ ನಾನ ಹಾಕಾಕತ್ತೇನಿ. ಮಂದಿಗೆ ಒಂದ ರೀತಿ, ನಿಮಗ ಒಂದ ರೀತಿ ಏನ್ರಿ?”

ಭೀಮಶಿ ಅವಳ ಮೈಮೇಲೆ ಏರಿಹೋಗುವನೆಂದು ನಾನು ಅಂದುಕೊಂಡೆ. ಅವನ ಕುತ್ತಿಗೆಯ ನರ ಉಬ್ಬಿತ್ತು. ಆದರೆ ಅವನು ಮಷೀನನ್ನು ಮೇಜಿನ ಮೇಲಿಟ್ಟು, ರಫೀಕನ ಎದುರಿಗೆ ಹೋಗಿ ನಿಂತ. ಬಲತೋಳಿನ ಗುಂಡಿ ಬಿಚ್ಚಲು ನೋಡಿದ, ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಮತ್ತೆ ಹಾಕಿಕೊಳ್ಳಲು ಹೋದ. ಗುಂಡಿ ಬೆರಳುಗಳ ನಡುವಿನಿಂದ ಜಾರುತ್ತಿತ್ತು, ಅದು ಜಾರಿದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಬರಿಯ ಬಟ್ಟೆಯನ್ನೇ ತೂತಿಗೆ ಒತ್ತುತ್ತಿದ್ದ. ರಫೀಕ ಮುಖ ಆಚೆ ತಿರುಗಿಸಿದ.

“ಈ ಕಡೆ ನೋಡಲೇ. ನಾ ನಿಂದ ನೋಡಿಲ್ಲೇನ?” ಎಂದ ಭೀಮಶಿ.

ರಫೀಕ ನೋಡಿದ. ಕೊನೆಗೆ ಭೀಮಶಿ ಕೈ ಕೆಳಗೆ ಬಿಟ್ಟು, “ಇವತ್ತ ನನಗೂ ಬಣ್ಣಾನ,” ಎಂದ. ಇನ್ನೊಂದು ಬ್ರಶ್ಶು ತೆಗೆದುಕೊಂಡು, ಮುಷ್ಟಿಯಲ್ಲಿ ಹಿಡಿದು, ರಫೀಕನ ಪಕ್ಕ ಕುಳಿತು ಗ್ರಿಲ್ಲಿಗೆ ಬಣ್ಣ ಹಚ್ಚತೊಡಗಿದ. ಡ್ರೈವರ್ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬೈದು, ಕೊಂಡಿಗೆ ಸರಪಳಿ ಬಿಗಿದುಕೊಂಡು ಬೇರೆ ಕಡೆ ಹೋದ. ಗಂಗವ್ವ ಬುತ್ತಿಯನ್ನು ಗಂಡನ ಪಕ್ಕದಲ್ಲಿಟ್ಟು, ಅವನ ತೋಳಿನ ಗುಂಡಿ ಹಾಕಿ ಮನೆಗೆ ನಡೆದಳು. ಆಮೇಲೆ ಅವತ್ತು ನನ್ನ ತಕ್ಕಡಿ ನಡುಗಲಿಲ್ಲ.

ಹಂಗಾಮು ಮುಗಿಯುವ ಮೊದಲೇ ಶೆಡ್ಡು ರಫೀಕನದಾಯಿತು. ಭೀಮಶಿ ಮತ್ತೆ ಮಷೀನು ಹಿಡಿಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ. ಅಲ್ಲಿಯೂ ಯಾರೋ ಆ ಎತ್ತಿನ ಚಕ್ರದ ಮಾತು ತೆಗೆದರು, ಎಲ್ಲರೂ ಸ್ವಲ್ಪ ನಕ್ಕರು. ಗಂಗವ್ವನೂ ನಕ್ಕಳು.

ನಾನು ಅವನನ್ನು ಶೆಡ್ಡಿನಲ್ಲಿ ಕೊನೆಯ ಸಲ ನೋಡಿದ್ದು ಅದಕ್ಕೂ ಕೆಲವು ವಾರ ಮೊದಲು. ನನ್ನ ಅಂಗಡಿಯಲ್ಲಿ ಚಹಾ ಕುಡಿದು, “ನಡೀರಿ ಶೇಠ್ರ, ನಮ್ಮ ರಫೀಕ ಏನ ಮಾಡಾಕತ್ತಾನ ನೋಡೂಣು,” ಎಂದು ಎದ್ದ. ಈಗ ಅವನೂ ಎಲ್ಲರ ಹಾಗೆ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಲ್ಯ ಹಾಕಿಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತು ಶಲ್ಯ ತೆಗೆದು, ಮಣಿಕಟ್ಟಿನಿಂದ ಎತ್ತಿ, ತಾನೇ ಬೆಸೆದ ಗೂಟಕ್ಕೆ ಹಾಕಿ ಒಳಗೆ ಬಂದ. ರಫೀಕ ಒಂದು ಗೇಟಿನ ಬೆಸುಗೆ ಉಜ್ಜಲು ಮಷೀನು ಹಿಡಿದು ಕುಳಿತಿದ್ದ.

“ಕಿಡಿ ಎಲ್ಲಿಗೆ ಹೊಕ್ಕಾವ?” ಎಂದ ಭೀಮಶಿ.

ರಫೀಕ ಕನ್ನಡಕ ಮೇಲೆತ್ತಿ ಅವನನ್ನು ನೋಡಿದ. “ನೀವ ನಿಂತಲ್ಲಿಗೇ ಬರ್ತಾವ್ರಿ ಕಾಕಾ. ಆ ಕಡೆ ಸರದ ನಿಂದರ್ರಿ.”

ಭೀಮಶಿ ಮಷೀನನ್ನೂ ಗೇಟನ್ನೂ ತನ್ನ ಕಾಲನ್ನೂ ನೋಡಿಕೊಂಡು, ನನ್ನ ಕಡೆಗೆ ಸರಿದು ನಿಂತ. ರಫೀಕ ಇನ್ನೂ ಸ್ವಿಚ್ಚು ಒತ್ತಲಿಲ್ಲ. ಅಷ್ಟು ಸಾಲದು ಎಂದು ಕೈಮಾಡಿ ತೋರಿಸಿದ. ಭೀಮಶಿ ಇನ್ನೊಂದು ಹೆಜ್ಜೆ ಸರಿದ. ಆಮೇಲೆಯೇ ರಫೀಕ ಮಷೀನು ಚಾಲೂ ಮಾಡಿದ.