ಗುಮ್ಮಟ ಕಾಣುವ ಜಾಗ

ಕಳೆದ ಶುಕ್ರವಾರ ಗ್ಯಾರೇಜಿನ ಶೆಲ್ಫು ಒರೆಸುವಾಗ ಹಳೆಯ ಕಾಫಿಪುಡಿ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಅಮ್ಮ ಮೈಸೂರಿನಿಂದ ತಂದಿದ್ದ ಸಾಂಬ್ರಾಣಿಯ ಒಂದಿಷ್ಟು ಹರಳು ಉಳಿದಿದ್ದವು. ಇಷ್ಟು ವರ್ಷವಾದರೂ ವಾಸನೆ ಹೋಗಿರಲಿಲ್ಲ. ನ್ಯಾಯವಾಗಿ ನನಗೆ ಅಮ್ಮ ನೆನಪಾಗಬೇಕಿತ್ತು. ನೆನಪಾದದ್ದು ಪಕ್ಕದ ಮನೆಯ ಅಜ್ಜಿ...

ಅಡಿಲೇಡಿನ ಬ್ಲೇರ್ ಅಥಾಲ್‌ನ ಈ ಮನೆಗೆ ನಾವು ಬಂದು ವರ್ಷವೂ ಆಗಿರಲಿಲ್ಲ. 2014ರ ಚಳಿಗಾಲ. ಮಗಳು ಹುಟ್ಟಿದ್ದಳು, ಬಾಣಂತನಕ್ಕೆ ಅಮ್ಮ ಬಂದಿದ್ದಳು. ಎಣ್ಣೆನೀರು ಹಾಕಿದ ಮೇಲೆ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಕೊಡದಿದ್ದರೆ ಅಮ್ಮನ ಲೆಕ್ಕದಲ್ಲಿ ಅದು ಸ್ನಾನವೇ ಅಲ್ಲ. "ಹೊರಗೆ ಚಳಿ ಕಣೇ, ಒಳಗೇ ಹಾಕ್ಬಿಡ್ತೀನಿ" ಎಂದು ಬಾರ್ಬೆಕ್ಯೂಗೆ ತಂದಿಟ್ಟಿದ್ದ ಇದ್ದಿಲನ್ನು ಕೆಂಡ ಮಾಡಿ, ಹಾಲ್‌ನ ನಡುವೆ ಇಟ್ಟು, ಧಾರಾಳವಾಗಿ ಸಾಂಬ್ರಾಣಿ ಉದುರಿಸಿದಳು. ಸೂರಿನ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. ಕೂಸು ಅದಕ್ಕಿಂತ ಜೋರಾಗಿ. ನಾನು ಅಲಾರಂ ಕೆಳಗೆ ಟವೆಲ್ ಬೀಸುತ್ತಾ ಕುಣಿಯುತ್ತಿದ್ದೆ.

ಯಾರೋ ಬಾಗಿಲು ದಬದಬ ಬಡಿದರು. ತೆಗೆದರೆ ಪಕ್ಕದ ಮನೆಯ ಅಜ್ಜಿ. ಎಂಬತ್ತು ದಾಟಿದ ಜೀವ, ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನು. ಅಲ್ಲಿಯವರೆಗೆ ನಮ್ಮ ಪರಿಚಯ ಬೇಲಿಯ ಆಚೆ ಈಚೆ ಒಂದು ಹಲೋದಲ್ಲಿ ಮುಗಿಯುತ್ತಿತ್ತು. ಬೆಂಕಿ ಆರಿಸಲು ಓಡಿಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮೂಗರಳಿಸಿದರು. ಕಣ್ಣು ಮುಚ್ಚಿದರು. ವಾಲಿದ ಕ್ಯಾನಿನ ನೀರು ಅವರ ಚಪ್ಪಲಿಯ ಮೇಲೇ ಸುರಿಯುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ.

"ಇದು ನಮ್ಮ ಚರ್ಚಿನ ವಾಸನೆ" ಎಂದರು.

ಆಮೇಲೆ ಪ್ರತಿ ಶುಕ್ರವಾರ ಸಂಜೆ ಅಜ್ಜಿ ಬರುತ್ತಿದ್ದರು. ಅಮ್ಮ ಹಿತ್ತಿಲಲ್ಲಿ ಕೆಂಡ ಇಡುತ್ತಿದ್ದಳು, ಅಜ್ಜಿ ಕುರ್ಚಿಯನ್ನು ಹೊಗೆಯ ದಿಕ್ಕಿಗೆ ಎಳೆದುಕೊಂಡು ಕೂತು ಆ ಚರ್ಚಿನ ಕಥೆ ಹೇಳುತ್ತಿದ್ದರು. ಹರಿಕಥೆ ಕೇಳುವವಳ ಹಾಗೆ ಅಮ್ಮ ಹೂಂಗುಟ್ಟುತ್ತಿದ್ದಳು. ಇಂಗ್ಲಿಷ್ ಬಾರದ ಅವಳಿಗೆ ನಾನು ಕನ್ನಡ ಮಾಡಿ ಹೇಳುವ ಮೊದಲೇ ಹೂಂ ಎಂದಾಗಿರುತ್ತಿತ್ತು!

ಆ ಚರ್ಚು ಯುರೋಪಿನ ನಡುವಿನ ಒಂದು ಊರಿನದು. ಊರಿನ ಹೆಸರು ಹೇಳಲು ನನ್ನ ನಾಲಿಗೆ ಕೊನೆಗೂ ಹೊರಳಲಿಲ್ಲ. ಯಾವುದೋ ಕಾಲದಲ್ಲಿ ಸನ್ಯಾಸಿಗಳು ಅಲ್ಲಿ ಮಠ ಮಾಡಿ, ಮರದ ಚರ್ಚು ಕಟ್ಟಿಕೊಂಡಿದ್ದರಂತೆ. ಅದು ಬೆಂಕಿಗೆ ಹೋಯಿತು. ಆಮೇಲೆ ಬಂದ ಮಠಾಧಿಪತಿಗೆ ವೈಭವದ ಹುಚ್ಚು. ತಿರುಚಿದ ಕಂಬಗಳು, ಚಿನ್ನದ ರೇಕು, ಮೂಲೆಮೂಲೆಗೂ ಉಬ್ಬುಗೆನ್ನೆಯ ದೇವದೂತರು. ಬರೋಕ್ ಶೈಲಿ ಎಂದರೆ ಹಾಗೇ, ಅಂಗೈಯಗಲ ಗೋಡೆಯನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ಅಜ್ಜಿ ನಗುತ್ತಿದ್ದರು. ಗುಮ್ಮಟದ ಹೊತ್ತಿಗೆ ಮಠದ ಬೊಕ್ಕಸ ಬರಿದಾಗಿತ್ತು. ಸಮತಟ್ಟಾದ ಸೂರು ಹಾಕಿ, ಚಿತ್ರಗಾರನೊಬ್ಬನಿಂದ ಅದರ ಒಳಮೈಗೆ ಗುಮ್ಮಟದ ಚಿತ್ರ ಬರೆಸಿದರು. ಕೆಳಗೆ ನೆಲದಲ್ಲಿ ಒಂದು ದುಂಡನೆಯ ಕಪ್ಪು ಕಲ್ಲು. ಅದರ ಮೇಲೆ ನಿಂತು ಕತ್ತೆತ್ತಿದರೆ ಗುಮ್ಮಟ ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತದೆ, ಅದರ ಕಿಟಕಿಗಳಿಂದ ಬೆಳಕು ಇಳಿಯುತ್ತದೆ... ಸ್ವಲ್ಪ ಆಚೆ ಸರಿದರೆ ಎಲ್ಲವೂ ವಾಲಿ ಮೈಮೇಲೆ ಬಂದ ಹಾಗೆ.

"ಸುಳ್ಳು ಗುಮ್ಮಟಾನಾ? ದೇವ್ರಿಗೆ ಮೋಸ ಅಲ್ವೇನೇ ಅದು?" ಎಂದಳು ಅಮ್ಮ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಅಜ್ಜಿ ತಕ್ಷಣ ಅಂದರು: "ದೇವರು ಮೇಲಿಂದ ನೋಡ್ತಾನೆ, ಅವನಿಗೆ ಕಾಣೋದು ಬರೀ ಹೆಂಚು. ಗುಮ್ಮಟ ನಮಗೋಸ್ಕರ."

ಮುಂದೆ ಒಬ್ಬ ಚಕ್ರವರ್ತಿ ಮಠ ಮುಚ್ಚಿಸಿದನಂತೆ. ಸನ್ಯಾಸಿಗಳು ಹೋದರು, ಚರ್ಚಿನೊಳಗೆ ಕುದುರೆಗಳ ಹುಲ್ಲು ಬಂತು. ಎಷ್ಟೋ ಕಾಲದ ಮೇಲೆ ಊರಿನವರು ಮತ್ತೆ ದೀಪ ಹಚ್ಚಿದರು. ಅಜ್ಜಿಯ ಬಾಲ್ಯದಲ್ಲಿ ಯುದ್ಧ ಬಂದು ಕಿಟಕಿಗಳೆಲ್ಲ ಪುಡಿಯಾದವು, ಗುಮ್ಮಟ ಮಾತ್ರ ಉಳಿಯಿತು. ಹತ್ತೊಂಬತ್ತರ ಹುಡುಗಿ ಆಸ್ಟ್ರೇಲಿಯಾದ ಹಡಗು ಹತ್ತುವ ಮೊದಲು ಕಲ್ಲಿನ ಮೇಲೆ ನಿಲ್ಲಲೆಂದು ಹೋದರೆ, ಅಂದು ಬಾಗಿಲಿಗೆ ಬೀಗ. ನೋಡದೆಯೇ ಹೊರಟು ಬಂದಿದ್ದರು. ಇನ್ನೊಂದೇ ಒಂದು ಸಲ ಅಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಉಳಿದಿದ್ದ ಆಸೆ. "ಮುಂದಿನ ಬೇಸಿಗೆಗೆ ಹೋಗ್ತೀನಿ" ಎಂದು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು.

ಒಮ್ಮೆ ಐಪ್ಯಾಡಿನಲ್ಲಿ ಆ ಚರ್ಚಿನ ಫೋಟೋ ಹುಡುಕಿ ತೋರಿಸಿದೆ. ಖುಷಿಪಡುತ್ತಾರೆ ಎಂದುಕೊಂಡರೆ ಮುಖ ಸಿಂಡರಿಸಿದರು. "ಯಾರೋ ತಪ್ಪು ಜಾಗದಲ್ಲಿ ನಿಂತು ತೆಗೆದಿದ್ದಾರೆ" ಎಂದು ಐಪ್ಯಾಡನ್ನು ಬೋರಲು ಹಾಕಿದರು. ನನಗೆ ಒಳಗೊಳಗೇ ಸಿಟ್ಟು ಬಂತು. ಫೋಟೋ ಚೆನ್ನಾಗಿಯೇ ಇತ್ತು.

ಅಮ್ಮ ಮೈಸೂರಿಗೆ ಹೊರಡುವಾಗ ಡಬ್ಬಿಯನ್ನು ನನ್ನ ಕೈಗಿಟ್ಟು, "ಶುಕ್ರವಾರ ಅವರಿಗೆ ಹಾಕೋದ್ ಮರೀಬೇಡ" ಎಂದಳು. ಮರೆಯಲಿಲ್ಲ. ಮಗಳು ನಡೆಯಲು ಕಲಿತದ್ದು ಅಜ್ಜಿಯ ಕುರ್ಚಿ ಹಿಡಿದುಕೊಂಡೇ. ಮೂರನೆಯ ಚಳಿಗಾಲದಲ್ಲಿ ಅಜ್ಜಿ ತೋಟದಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಎದ್ದು ನಿಲ್ಲಲಿಲ್ಲ. ಮಗ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿದ. ಬೇರೆ ದಾರಿಯೂ ಇರಲಿಲ್ಲ.

ಅಲ್ಲಿ ಹೊಗೆ ಹಾಕುವ ಹಾಗಿಲ್ಲ. ಒಂದು ಹರಳನ್ನು ಹಾಗೇ ಒಯ್ದು ಅವರ ಅಂಗೈಯಲ್ಲಿಟ್ಟೆ. ಇಂಗ್ಲಿಷ್ ಆಗಲೇ ಅವರಿಂದ ಜಾರಿಹೋಗುತ್ತಿತ್ತು. ಹರಳನ್ನು ಮೂಸಿ, ಮಲಗಿದಲ್ಲಿಂದಲೇ ಸೂರು ನೋಡಿದರು. ಬಿಳಿ ಬಣ್ಣ ಬಳಿದ, ಸಪಾಟಾದ ಸೂರು. ಆಮೇಲೆ ಕೈಯಿಂದ ಕಿಟಕಿಯ ಕಡೆ ಸನ್ನೆ ಮಾಡಿದರು. ಪರದೆ ಸರಿಸಿದೆ. ಅದಲ್ಲ. ನೀರು ಕೊಟ್ಟೆ. ಅದೂ ಅಲ್ಲ. ಮಂಚದ ಅಂಚನ್ನು ತಟ್ಟಿ ಮತ್ತೆ ಅದೇ ಸನ್ನೆ. ಆಗ ಹೊಳೆಯಿತು. ಚಕ್ರದ ಬ್ರೇಕು ತೆಗೆದು ಮಂಚವನ್ನು ಕಿಟಕಿಯತ್ತ ಸ್ವಲ್ಪ ತಳ್ಳಿದೆ. ಇನ್ನೂ ಸ್ವಲ್ಪ ಎಂದು ಕೈಯಾಡಿಸಿದರು. ಇನ್ನೂ ಸ್ವಲ್ಪ ತಳ್ಳಿದೆ. ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ" ಎಂದರು, ಇಂಗ್ಲಿಷಿನಲ್ಲೇ.

ಅವರ ಮುಖದ ಮೇಲೆ ಬೆಳಕು ಇಳಿದದ್ದನ್ನು ನಾನು ನೋಡಿದೆ. ಕಿಟಕಿಯದೇ ಇರಬಹುದು... ವಸಂತ ಬರುವ ಮೊದಲೇ ಅಜ್ಜಿ ಹೋದರು. ಆಮೇಲೆ ನಾನು ಆ ಡಬ್ಬಿ ತೆಗೆದಿರಲಿಲ್ಲ.

ಡಬ್ಬಿ ಸಿಕ್ಕ ಸಂಜೆಯೇ ಉಳಿದ ಹರಳನ್ನೆಲ್ಲ ಹಿತ್ತಿಲಲ್ಲಿ ಕೆಂಡಕ್ಕೆ ಹಾಕಿದೆ. ಪಕ್ಕದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಹೊಗೆ ಬೇಲಿ ದಾಟಿತು, ಯಾರೂ ಬಂದು ಬಾಗಿಲು ಬಡಿಯಲಿಲ್ಲ. ಒಳಗೆ ಬಂದು ಹಾಲ್‌ನ ನಡುವೆ ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡಿದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮ, ವಾಟ್ ಆರ್ ಯು ಡೂಯಿಂಗ್?" ಎಂದಳು.

ಮಲಗಿದಲ್ಲೇ ಸ್ವಲ್ಪ ಎಡಕ್ಕೆ ಸರಿದೆ, ಸ್ವಲ್ಪ ಬಲಕ್ಕೆ ಸರಿದೆ. ನನಗೆ ಸ್ಮೋಕ್ ಅಲಾರಂ ಬಿಟ್ಟರೆ ಏನೂ ಕಾಣಲಿಲ್ಲ. ಸರಿಯಾದ ಜಾಗ ಯಾವುದೆಂದು ಹೇಳುವವರು ಈಗ ಇಲ್ಲ.